ಅಪ್‌ಗ್ರೇಡ್ ಆದ ಮೇಲೆ ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಹೆಸರಿಗೆ ಇದೆ, ಸ್ವರಗಳು ಮಾತ್ರ ಸರಿಯಾಗಿ ಮೂಡುತ್ತಿಲ್ಲ

ಕರಡುಪ್ರತಿ:

ಎಲ್ಲರಿಗೂ ನಮಸ್ಕಾರ. ಡೆಬಿಯನ್ ಮೂಲದ ಲಿನಕ್ಸ್ ವಿತರಣೆಯೊಂದರ ದೀರ್ಘಾವಧಿ ಬೆಂಬಲದ ಆವೃತ್ತಿಯಿಂದ ಅದರ ಮುಂದಿನ ದೀರ್ಘಾವಧಿ ಆವೃತ್ತಿಗೆ ಅಪ್‌ಗ್ರೇಡ್ ಮಾಡಿಕೊಂಡ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಕೀಲಿಮಣೆಯ ತೊಂದರೆಗಳು ಹಲವು ಒಟ್ಟಿಗೇ ಕಾಣಿಸಿಕೊಂಡಿವೆ. ಡೆಸ್ಕ್‌ಟಾಪ್ ಮೊದಲಿನಂತೆ ಗ್ನೋಮ್. ಅಪ್‌ಗ್ರೇಡ್ ನಡೆಯುವಾಗ ದೋಷಸಂದೇಶವೇನೂ ಬರಲಿಲ್ಲ, ಉಳಿದೆಲ್ಲ ಕೆಲಸಗಳೂ ಸರಾಗವಾಗಿ ನಡೆಯುತ್ತಿವೆ.

ಮೊದಲನೆಯದು ಕನ್ನಡದ್ದು. ಮೇಲಿನ ಪಟ್ಟಿಯ ಭಾಷಾ ಮೆನುವಿನಲ್ಲಿ ಹಿಂದೆ ಇದ್ದ ಕನ್ನಡದ ನಮೂದು ಮಾಯವಾಗಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕಿದಾಗ ‘ಕನ್ನಡ, ಕಗಪ, ಫೋನೆಟಿಕ್’ ಎಂಬ ವಿನ್ಯಾಸ ಸಿಕ್ಕಿತು, ಅದನ್ನೇ ಸೇರಿಸಿಕೊಂಡೆ. ವ್ಯಂಜನಗಳು ನಾನು ರೂಢಿಸಿಕೊಂಡ ಕೀಲಿಗಳಲ್ಲೇ ಇವೆ, ಎಫ್ ಒತ್ತಿದರೆ ಅರ್ಧಾಕ್ಷರವೂ ಬರುತ್ತದೆ. ಆದರೆ ‘ಇದು’ ಎಂದು ಬರೆಯಹೊರಟರೆ ಐ ಕೀಲಿಗೆ ‘ಇ’ ಬರುವ ಬದಲು ಚುಕ್ಕೆಗಳ ವೃತ್ತದ ಮೇಲೆ ಕೂತ ಗುಡಿಸು ಬರುತ್ತದೆ. ಪದದ ನಡುವೆ ಅದೇ ಕೀಲಿ ಸರಿಯಾಗಿ ಕೆಲಸ ಮಾಡುತ್ತದೆ.

ಎರಡನೆಯದು, ಕ್ಯಾಪ್ಸ್ ಲಾಕ್ ಕೀಲಿಯನ್ನು ಕಂಟ್ರೋಲ್ ಆಗಿ ಬಳಸಲು ಲಾಗಿನ್ ಆದೊಡನೆ ಕೀಲಿಗಳ ಕೆಲಸ ಬದಲಿಸುವ ಎಕ್ಸ್‌ಮಾಡ್‌ಮ್ಯಾಪ್ ಕಮಾಂಡ್ ಓಡುವಂತೆ ಇಟ್ಟುಕೊಂಡಿದ್ದೆ. ಈಗ ಅದು ಓಡುತ್ತದೆ, ದೂರುವುದಿಲ್ಲ, ಪರಿಣಾಮ ಮಾತ್ರ ಶೂನ್ಯ. ಮೂರನೆಯದು, ಟಿಪ್ಪಣಿ ಬರೆದಿಡುವ ಒಂದು ಅನ್ವಯದಲ್ಲಿ ಕನ್ನಡಕ್ಕೆ ಬದಲಾಯಿಸಿದರೂ ಇಂಗ್ಲಿಷ್ ಅಕ್ಷರಗಳೇ ಮೂಡುತ್ತಿವೆ. ಇವು ಒಂದೇ ಕಾರಣದ ಮೂರು ಮುಖಗಳೋ, ಮೂರು ಬೇರೆ ಕಾರಣಗಳೋ ತಿಳಿಯುತ್ತಿಲ್ಲ.

ಹೊಸಗುಂಡಿ:

ನನಗೂ ಹೀಗೆಯೇ ಆಗಿತ್ತು. ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರನ್ನು ಒತ್ತಿದ ಮೇಲೆ ಕೆಳಮೂಲೆಯಲ್ಲಿ ಹಲ್ಲುಚಕ್ರದ ಗುರುತು ಕಾಣುತ್ತದೆ. ಅದರಲ್ಲಿ ಕ್ಸಾರ್ಗ್ (ಅಂದರೆ ಹಳೆಯ ಎಕ್ಸ್11) ಸೆಷನ್ ಆರಿಸಿ ಒಳಹೋಗಿ. ಅದರಿಂದಲೂ ಸರಿಯಾಗದಿದ್ದರೆ ಮನೆ ಫೋಲ್ಡರಿನ ಕಾನ್ಫಿಗ್ ಡೈರೆಕ್ಟರಿಯನ್ನು ಬೇರೆ ಹೆಸರಿಗೆ ಬದಲಿಸಿ ಹೊಸದಾಗಿ ಆರಂಭಿಸಿ.

ಹಳೇಟರ್ಮಿನಲ್:

ಕರಡುಪ್ರತಿ ಅವರೇ, ಕಾನ್ಫಿಗ್ ಡೈರೆಕ್ಟರಿಗೆ ಕೈ ಹಾಕುವ ಮುನ್ನ ಸ್ವಲ್ಪ ತಡೆಯಿರಿ. ನೀವು ಹೇಳಿದ ಮೂರೂ ತೊಂದರೆಗಳು ಬೇರೆ ಬೇರೆ ಪದರಗಳಲ್ಲಿವೆ ಎಂದು ನನಗೆ ತೋರುತ್ತದೆ. ಎಲ್ಲವನ್ನೂ ಒಮ್ಮೆಗೇ ಅಳಿಸಿ ಹೊಸದಾಗಿ ಹೊರಟರೆ ಒಂದು ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತೆಂಬುದು ಕೊನೆಗೂ ಗೊತ್ತಾಗುವುದಿಲ್ಲ, ಮುಂದಿನ ಅಪ್‌ಗ್ರೇಡಿನಲ್ಲಿ ಮತ್ತೆ ಇದೇ ಪಾಡು.

ಒಂದು ಕೀಲಿಯನ್ನು ಒತ್ತಿದಾಗ ಆಗುವುದಿಷ್ಟು. ಕೀಲಿಮಣೆಯ ಸಂಕೇತವನ್ನು ಕರ್ನೆಲ್ ಒಂದು ಸಂಖ್ಯೆಯಾಗಿ ಗುರುತಿಸುತ್ತದೆ, ಆ ಸಂಖ್ಯೆಯಲ್ಲಿ ಭಾಷೆಯ ಸುಳಿವೇನೂ ಇರುವುದಿಲ್ಲ. ತೆರೆಯನ್ನೂ ಕೀಲಿಮಣೆಯನ್ನೂ ನಿಭಾಯಿಸುವ ವ್ಯವಸ್ಥೆಗಳು ಎರಡು, ಹಳೆಯ ಎಕ್ಸ್11 ಮತ್ತು ಹೊಸ ವೇಲ್ಯಾಂಡ್. ಎಕ್ಸ್11 ಸೆಷನ್ನಿನಲ್ಲಾದರೆ ಎಕ್ಸ್ ಸರ್ವರ್, ವೇಲ್ಯಾಂಡ್ ಸೆಷನ್ನಿನಲ್ಲಾದರೆ ಡೆಸ್ಕ್‌ಟಾಪನ್ನು ನಡೆಸುವ ಕಾಂಪೋಸಿಟರ್ ಅದನ್ನು ಪಡೆದುಕೊಳ್ಳುತ್ತದೆ ಮತ್ತು ಎಕ್ಸ್‌ಕೆಬಿ ವಿನ್ಯಾಸದ ಕೋಷ್ಟಕವನ್ನು ನೋಡಿ ಆ ಸಂಖ್ಯೆಗೆ ಯಾವ ಚಿಹ್ನೆ ಎಂದು ನಿರ್ಧರಿಸುತ್ತದೆ. ಅದಾದ ಮೇಲೆ ಐಬಸ್ ಅಥವಾ ಎಫ್‌ಸಿಟಿಎಕ್ಸ್‌ನಂತಹ ಇನ್‌ಪುಟ್ ಮೆಥಡ್ ಇದ್ದರೆ ಆ ಚಿಹ್ನೆ ಅದರ ಕೈಗೆ ಹೋಗುತ್ತದೆ, ಅದು ಬೇಕಾದಂತೆ ಮಾರ್ಪಡಿಸಿ ಅಂತಿಮ ಪಠ್ಯವನ್ನು ಅನ್ವಯಕ್ಕೆ ಒಪ್ಪಿಸುತ್ತದೆ. ಒಪ್ಪಿಸುವ ದಾರಿಯೂ ಅನ್ವಯದಿಂದ ಅನ್ವಯಕ್ಕೆ ಬದಲಾಗುತ್ತದೆ. ನಿಮ್ಮ ಕ್ಯಾಪ್ಸ್ ಲಾಕ್ ತೊಂದರೆ ಎರಡನೆಯ ಹಂತದಲ್ಲಿ, ಸ್ವರಗಳದ್ದು ಬಹುಶಃ ಮೂರನೆಯದರಲ್ಲಿ, ಟಿಪ್ಪಣಿ ಅನ್ವಯದ್ದು ಕೊನೆಯದರಲ್ಲಿ.

ದಯವಿಟ್ಟು ಮೂರು ವಿಷಯಗಳನ್ನು ತಿಳಿಸಿ. ಎಕ್ಸ್‌ಡಿಜಿ_ಸೆಷನ್_ಟೈಪ್ ಎಂಬ ಪರಿಸರ ಚರದ ಬೆಲೆ ಏನೆಂದು ಟರ್ಮಿನಲ್ಲಿನಲ್ಲಿ ಎಕೋ ಮಾಡಿ ನೋಡಿ. ಜಿಸೆಟ್ಟಿಂಗ್ಸ್ ಬಳಸಿ ಗ್ನೋಮ್ ಡೆಸ್ಕ್‌ಟಾಪಿನ ಇನ್‌ಪುಟ್-ಸೋರ್ಸಸ್ ಸ್ಕೀಮಾದಲ್ಲಿರುವ ‘ಸೋರ್ಸಸ್’ ಬೆಲೆಯನ್ನು ಓದಿ ಇಲ್ಲಿ ಹಾಕಿ. ಐಬಸ್‌ಗೆ ಕನ್ನಡ ಬರೆಯುವ ಎಂಜಿನ್ ಒದಗಿಸುವ ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಈಗ ಅನುಸ್ಥಾಪಿತವಾಗಿದೆಯೇ ಎಂದು ಪರೀಕ್ಷಿಸಿ.

ಕ್ಸಾರ್ಗ್ ಸೆಷನ್ನಿಗೆ ಮರಳುವ ಸಲಹೆ ಪೂರ್ತಿ ತಪ್ಪೇನಲ್ಲ, ತೊಂದರೆ ವೇಲ್ಯಾಂಡಿನಿಂದ ಬಂದದ್ದೋ ಅಲ್ಲವೋ ಎಂದು ತಿಳಿಯಲು ಅದು ಒಳ್ಳೆಯ ಪರೀಕ್ಷೆ. ಅದನ್ನೇ ಶಾಶ್ವತ ಪರಿಹಾರ ಎಂದುಕೊಳ್ಳುವುದಕ್ಕೆ ನನ್ನ ಆಕ್ಷೇಪವಿದೆ. ಉಬುಂಟು 25.10ರಲ್ಲಿ ಗ್ನೋಮ್‌ನ ಕ್ಸಾರ್ಗ್ ಸೆಷನ್ನನ್ನು ತೆಗೆದೇ ಹಾಕಿದ್ದಾರೆ. ಇಂದು ಅಲ್ಲಿ ಅಡಗಿಕೊಂಡರೆ ಮುಂದಿನ ಆವೃತ್ತಿಯಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗುತ್ತದೆ.

ಕರಡುಪ್ರತಿ:

ಧನ್ಯವಾದಗಳು. ಸೆಷನ್ ವೇಲ್ಯಾಂಡ್ ಎಂದು ತೋರಿಸುತ್ತಿದೆ. ಹಿಂದೆ ಏನಿತ್ತೆಂದು ಗಮನಿಸಿರಲಿಲ್ಲ, ಎಕ್ಸ್‌ಮಾಡ್‌ಮ್ಯಾಪ್ ಕೆಲಸ ಮಾಡುತ್ತಿದ್ದುದರಿಂದ ಎಕ್ಸ್11 ಇದ್ದಿರಬೇಕು.

ಸೋರ್ಸಸ್ ಪಟ್ಟಿಯಲ್ಲಿ ಮೂರು ಜೋಡಿಗಳಿವೆ. ಮೊದಲನೆಯದು ಎಕ್ಸ್‌ಕೆಬಿ ಮತ್ತು ಯುಎಸ್. ಎರಡನೆಯದು ಐಬಸ್, ಅದರ ಮುಂದೆ ಎಂ17ಎನ್, ಕೆಎನ್, ಕೆಜಿಪಿ ಎಂಬ ಮೂರು ತುಣುಕುಗಳು ಅಪೂರ್ಣ ವಿರಾಮದಿಂದ ಬೇರ್ಪಟ್ಟು ನಿಂತಿವೆ. ಮೂರನೆಯದು ನಾನು ಈಚೆಗೆ ಸೇರಿಸಿದ್ದು: ಎಕ್ಸ್‌ಕೆಬಿ, ಇನ್ ಪ್ಲಸ್ ಕನ್-ಕಗಪ. ನನಗೆ ಅಚ್ಚರಿಯಾದದ್ದು ಎರಡನೆಯದರ ಬಗ್ಗೆ. ಪಟ್ಟಿಯಲ್ಲಿ ಅದು ಇದೆ, ಮೆನುವಿನಲ್ಲಿ ಇಲ್ಲ. ಐಬಸ್-ಎಂ17ಎನ್ ಪ್ಯಾಕೇಜ್ ಅನುಸ್ಥಾಪಿತವಾಗಿಲ್ಲ.

ಹಳೇಟರ್ಮಿನಲ್:

ಹಾಗಾದರೆ ಮೊದಲನೆಯ ತೊಂದರೆಯ ಕಾರಣ ಸಿಕ್ಕಿತು. ನಿಮ್ಮ ಬಳಕೆದಾರ ಸೆಟ್ಟಿಂಗ್‌ಗಳು ಅಪ್‌ಗ್ರೇಡಿನಲ್ಲಿ ಕೆಡಲಿಲ್ಲ, ಅವು ಯಥಾಪ್ರಕಾರ ಇವೆ. ಆ ಸೆಟ್ಟಿಂಗ್ ಬೆರಳು ಮಾಡಿ ತೋರಿಸುವ ಎಂಜಿನ್ ಮಾತ್ರ ವ್ಯವಸ್ಥೆಯಿಂದ ಹೊರಟುಹೋಗಿದೆ. ಗ್ನೋಮ್ ಶೆಲ್ ಪಟ್ಟಿಯ ಪ್ರತಿಯೊಂದು ಐಬಸ್ ನಮೂದಿಗೂ ಎಂಜಿನ್ ಇದೆಯೇ ಎಂದು ಐಬಸ್ಸನ್ನು ಕೇಳುತ್ತದೆ, ಇಲ್ಲವೆಂದಾದರೆ ಆ ನಮೂದನ್ನು ಸದ್ದಿಲ್ಲದೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಎಚ್ಚರಿಕೆಯೂ ಇಲ್ಲ, ದೋಷಸಂದೇಶವೂ ಇಲ್ಲ. ‘ಈ ವಿನ್ಯಾಸಕ್ಕೆ ಬೇಕಾದ ಪ್ಯಾಕೇಜ್ ಇಲ್ಲ’ ಎಂಬ ಒಂದು ಸಾಲು ಅಲ್ಲಿ ಕಾಣಿಸಿದ್ದರೆ ಎಷ್ಟೋ ಜನರ ಹೊತ್ತು ಉಳಿಯುತ್ತಿತ್ತು ಎಂಬುದು ನನ್ನ ಹಳೆಯ ತಕರಾರು.

ಪ್ಯಾಕೇಜ್ ಏಕೆ ಹೋಯಿತೆಂಬುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಆವೃತ್ತಿ ಅಪ್‌ಗ್ರೇಡ್ ಮಾಡುವ ಉಪಕರಣ ಹೊರಗಿನ ಪ್ಯಾಕೇಜ್ ಮೂಲಗಳನ್ನೆಲ್ಲ ಮೊದಲು ನಿಷ್ಕ್ರಿಯಗೊಳಿಸುತ್ತದೆ, ಅಲ್ಲಿಂದ ಬಂದ ಪ್ಯಾಕೇಜುಗಳು ಅವಲಂಬನೆಗಳ ಲೆಕ್ಕ ಹೊಂದದೆ ಕಳಚಿಕೊಳ್ಳಬಹುದು. ಇನ್ನೊಂದು, ಅಪ್‌ಗ್ರೇಡಿನ ಕೊನೆಯಲ್ಲಿ ‘ಇನ್ನು ಬೇಕಿಲ್ಲದ ಪ್ಯಾಕೇಜುಗಳನ್ನು ತೆಗೆಯಲೇ’ ಎಂದು ಅದು ಕೇಳುತ್ತದೆ. ಇನ್ಯಾವುದೋ ಪ್ಯಾಕೇಜಿನ ಜೊತೆಗೆ ತಾನಾಗಿಯೇ ಬಂದಿದ್ದ ಎಂಜಿನ್ ಈಗ ಅನಾಥವೆಂದು ಕಂಡು ಆ ಪಟ್ಟಿಯಲ್ಲಿ ಸೇರಿಹೋಗುತ್ತದೆ. ಪ್ಯಾಕೇಜುಗಳನ್ನು ಹಾಕಿ ತೆಗೆಯುವ ಎಪಿಟಿಯ ಇತಿಹಾಸ ಕಡತ ವಾರ್ ಡೈರೆಕ್ಟರಿಯ ಲಾಗ್ ಫೋಲ್ಡರಿನೊಳಗೆ ಎಪಿಟಿ ಹೆಸರಿನಲ್ಲಿದೆ, ಯಾವುದು ಯಾವಾಗ ಹೋಯಿತೆಂಬುದು ಅದರಲ್ಲಿ ಬರೆದಿರುತ್ತದೆ.

ಈಗ ಐಬಸ್-ಎಂ17ಎನ್ ಮತ್ತು ಎಂ17ಎನ್-ಡಿಬಿ ಪ್ಯಾಕೇಜುಗಳನ್ನು ನೀವೇ ಹೆಸರಿಸಿ ಅನುಸ್ಥಾಪಿಸಿಕೊಳ್ಳಿ. ಹಾಗೆ ಮಾಡಿದರೆ ಅವು ಕೈಯಾರೆ ಬೇಡಿದವು ಎಂದು ದಾಖಲಾಗುತ್ತವೆ, ಮುಂದಿನ ಸ್ವಚ್ಛತೆಯಲ್ಲಿ ಹೋಗುವುದಿಲ್ಲ. ಬಳಿಕ ಒಮ್ಮೆ ಲಾಗ್‌ಔಟ್ ಆಗಿ ಒಳಬನ್ನಿ. ಸೋರ್ಸಸ್ ಪಟ್ಟಿಯಲ್ಲಿ ನಮೂದು ಹೇಗೂ ಇರುವುದರಿಂದ ಅದನ್ನು ಮತ್ತೆ ಸೇರಿಸುವ ಅಗತ್ಯ ಬೀಳದು.

ಮೂರನೆಯಹಂತ:

ಸ್ವರಗಳು ಏಕೆ ಹಾಗೆ ಬಂದವೆಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಒಂದೇ ಹೆಸರಿನ ಎರಡು ವಿನ್ಯಾಸಗಳನ್ನು ಒಂದೇ ಎಂದು ತಿಳಿದು ಸೋತವರನ್ನು ಬಹಳ ಕಂಡಿದ್ದೇನೆ.

ಎಕ್ಸ್‌ಕೆಬಿಯದು ಬರಿಯ ಕೋಷ್ಟಕ. ಈ ಕೀಲಿ, ಈ ಹಂತ (ಶಿಫ್ಟ್ ಅಥವಾ ಬಲಗಡೆಯ ಆಲ್ಟ್ ಹಿಡಿದಿದ್ದೀರೋ ಇಲ್ಲವೋ ಎಂಬುದು), ಆದ್ದರಿಂದ ಈ ಚಿಹ್ನೆ, ಅಷ್ಟೇ ಅದರ ತಿಳಿವಳಿಕೆ. ನೀವು ಇದಕ್ಕೆ ಮುಂಚೆ ಯಾವ ಅಕ್ಷರ ಬರೆದಿರೆಂಬುದು ಅದಕ್ಕೆ ಕಾಣಿಸುವುದೇ ಇಲ್ಲ. ಹಾಗಾಗಿ ಐ ಕೀಲಿಗೆ ಗುಡಿಸು ಕೊಟ್ಟ ಮೇಲೆ ಪದದ ಆರಂಭದ ‘ಇ’ಗೆ ಬೇರೊಂದು ಜಾಗ ಕೊಡಲೇಬೇಕು. ಕಗಪದ ಎಕ್ಸ್‌ಕೆಬಿ ರೂಪದಲ್ಲಿ ಅದು ಮೂರನೆಯ ಹಂತದಲ್ಲಿದೆ, ಬಲಗಡೆಯ ಆಲ್ಟ್ ಹಿಡಿದು ಐ ಒತ್ತಿದರೆ ಸಿಗುತ್ತದೆ. ನಿಮ್ಮ ವ್ಯವಸ್ಥೆ ಕೆಟ್ಟಿರಲಿಲ್ಲ, ಆ ವಿನ್ಯಾಸ ಇರಬೇಕಾದಂತೆಯೇ ನಡೆದುಕೊಳ್ಳುತ್ತಿತ್ತು.

ಎಂ17ಎನ್ ಎಂಜಿನ್ನಿಗೆ ಸ್ಥಿತಿಯ ನೆನಪುಂಟು. ಈಗತಾನೆ ಕೆ ಒತ್ತಿದ್ದೀರಿ, ಆದ್ದರಿಂದ ಐ ಬಂದರೆ ಅದು ‘ಕಿ’ ಆಗಬೇಕು, ಹಿಂದೆ ಖಾಲಿ ಜಾಗವಿದ್ದರೆ ‘ಇ’ ಆಗಬೇಕು ಎಂಬ ನಿಯಮಗಳನ್ನು ಅದರ ಕಡತದಲ್ಲಿ ಬರೆದಿಟ್ಟಿರುತ್ತಾರೆ. ಹೀಗಾಗಿ ಒಂದೇ ಕೀಲಿ ಸ್ವರಕ್ಕೂ ಅದರ ಚಿಹ್ನೆಗೂ ಒದಗುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ನಡುವೆ ಇನ್‌ಪುಟ್ ಮೆಥಡ್ ಜೀವಂತವಾಗಿರಬೇಕು, ಅನ್ವಯಕ್ಕೆ ಅದರ ಜೊತೆ ಮಾತಾಡಲು ಬರಬೇಕು. ಎಕ್ಸ್‌ಕೆಬಿ ವಿನ್ಯಾಸಕ್ಕೆ ಇವೆರಡೂ ಬೇಡ. ಬಲಗಡೆಯ ಆಲ್ಟ್ ರೂಢಿ ಮಾಡಿಕೊಳ್ಳುವ ತಾಳ್ಮೆ ಇದ್ದವರಿಗೆ ಅಪ್‌ಗ್ರೇಡುಗಳನ್ನು ತಡೆದುಕೊಂಡು ಬಾಳುವುದು ಅದೇ ಎಂಬುದು ನನ್ನ ಅಭಿಪ್ರಾಯ, ಆದರೆ ದಿನವಿಡೀ ಬರೆಯುವವರ ಮೇಲೆ ಅದನ್ನು ಹೇರಲಾರೆ.

ಇನ್ನೊಂದು ಮಾತು. ಎಂ17ಎನ್ ಮರಳಿ ಬಂದ ಮೇಲೆ ಎಕ್ಸ್‌ಕೆಬಿಯ ಕಗಪವನ್ನು ಪಟ್ಟಿಯಿಂದ ತೆಗೆದುಬಿಡಿ. ಪಾಸ್‌ವರ್ಡ್ ಕೇಳುವ ಕಡೆಗಳಲ್ಲಿ ಗ್ನೋಮ್ ಐಬಸ್ ನಮೂದುಗಳನ್ನು ಬದಿಗಿಟ್ಟು ಎಕ್ಸ್‌ಕೆಬಿ ವಿನ್ಯಾಸಗಳನ್ನಷ್ಟೇ ಬಳಸುತ್ತದೆ. ಕನ್ನಡದ ಎಕ್ಸ್‌ಕೆಬಿ ವಿನ್ಯಾಸ ಪಟ್ಟಿಯಲ್ಲಿದ್ದು ಅದೇ ಚಾಲ್ತಿಯಲ್ಲಿದ್ದರೆ ಪಾಸ್‌ವರ್ಡಿನ ಜಾಗದಲ್ಲಿ ಕನ್ನಡ ಅಕ್ಷರಗಳು ಬೀಳುತ್ತವೆ, ಕಾಣುವುದು ಚುಕ್ಕೆಗಳು ಮಾತ್ರ.

ಕರಡುಪ್ರತಿ:

ಎರಡೂ ಪ್ಯಾಕೇಜುಗಳನ್ನು ಹಾಕಿ ಲಾಗ್‌ಔಟ್ ಆಗಿ ಬಂದೆ. ಹಳೆಯ ನಮೂದು ಮೆನುವಿನಲ್ಲಿ ತಾನಾಗಿಯೇ ಕಾಣಿಸಿತು, ‘ಇದು’ ಸರಿಯಾಗಿ ಬರುತ್ತಿದೆ. ಇತಿಹಾಸ ಕಡತದಲ್ಲಿ ಐಬಸ್-ಎಂ17ಎನ್ ಹೆಸರು ಸ್ವಯಂಚಾಲಿತ ತೆಗೆಯುವಿಕೆಯ ಉದ್ದದ ಸಾಲೊಂದರ ನಡುವೆ ಇದೆ. ಕ್ಯಾಪ್ಸ್ ಲಾಕ್ ವಿಷಯಕ್ಕೆ ಬರೋಣವೇ?

ಹಳೇಟರ್ಮಿನಲ್:

ಎಕ್ಸ್‌ಮಾಡ್‌ಮ್ಯಾಪ್ ಎಕ್ಸ್ ಸರ್ವರಿಗೆ ಹೇಳುವ ಮಾತು. ವೇಲ್ಯಾಂಡ್ ಸೆಷನ್ನಿನಲ್ಲಿಯೂ ಹಳೆಯ ಅನ್ವಯಗಳಿಗಾಗಿ ಎಕ್ಸ್‌ವೇಲ್ಯಾಂಡ್ ಎಂಬ ಒಂದು ಎಕ್ಸ್ ಸರ್ವರ್ ಓಡುತ್ತಿರುತ್ತದೆ. ನಿಮ್ಮ ಆದೇಶ ಅದಕ್ಕೆ ತಲುಪುತ್ತದೆ, ಅದಕ್ಕೇ ದೋಷಸಂದೇಶವಿಲ್ಲ. ಆದರೆ ವಿನ್ಯಾಸವನ್ನು ನಿರ್ಧರಿಸುವವನು ಕಾಂಪೋಸಿಟರ್, ಅವನಿಗೆ ಈ ಮಾತು ಕೇಳಿಸಿಯೇ ಇಲ್ಲ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಬಳಸುವವರಿಗೂ ಇದೇ ಗತಿ. ಎಕ್ಸ್11ರಲ್ಲಿಯೇ ಎಕ್ಸ್‌ಮಾಡ್‌ಮ್ಯಾಪ್ ಅಷ್ಟು ಭದ್ರವಾಗಿರಲಿಲ್ಲವೆಂಬುದನ್ನೂ ಸೇರಿಸುತ್ತೇನೆ, ವಿನ್ಯಾಸ ಬದಲಾದಾಗ ಅದು ಮಾಡಿದ ಮಾರ್ಪಾಡು ಅಳಿಸಿಹೋಗುತ್ತಿತ್ತು.

ನಿಮಗೆ ಬೇಕಾದ ಬದಲಾವಣೆಯನ್ನು ಎಕ್ಸ್‌ಕೆಬಿ ಮೊದಲಿನಿಂದಲೂ ಒಂದು ಸಿದ್ಧ ಆಯ್ಕೆಯಾಗಿ ಇಟ್ಟುಕೊಂಡಿದೆ. ಗ್ನೋಮ್ ಟ್ವೀಕ್ಸ್ ಉಪಕರಣದಲ್ಲಿ ಕೀಲಿಮಣೆಯ ವಿಭಾಗಕ್ಕೆ ಹೋಗಿ ಹೆಚ್ಚುವರಿ ವಿನ್ಯಾಸ ಆಯ್ಕೆಗಳನ್ನು ತೆರೆದರೆ ಕಂಟ್ರೋಲ್ ಕೀಲಿಯ ಸ್ಥಾನದ ಕೆಳಗೆ ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಆಗಿಸುವ ಸಾಲು ಕಾಣುತ್ತದೆ. ಟರ್ಮಿನಲ್ಲೇ ಇಷ್ಟವಾದರೆ ಸೋರ್ಸಸ್ ಇರುವ ಅದೇ ಸ್ಕೀಮಾದಲ್ಲಿ ಎಕ್ಸ್‌ಕೆಬಿ-ಆಪ್ಷನ್ಸ್ ಎಂಬ ಇನ್ನೊಂದು ಬೆಲೆ ಇದೆ, ಅದರಲ್ಲಿ ಕಂಟ್ರೋಲ್ ಗುಂಪಿನ ನೋಕ್ಯಾಪ್ಸ್ ಆಯ್ಕೆಯನ್ನು ಸೇರಿಸಿ. ಇದು ಎರಡೂ ಬಗೆಯ ಸೆಷನ್ನುಗಳಲ್ಲಿ ನಡೆಯುತ್ತದೆ. ಹಳೆಯ ಎಕ್ಸ್‌ಮಾಡ್‌ಮ್ಯಾಪ್ ಸಾಲನ್ನು ಲಾಗಿನ್ ಕಡತದಿಂದ ತೆಗೆಯಲು ಮರೆಯಬೇಡಿ, ಎಕ್ಸ್‌ವೇಲ್ಯಾಂಡ್ ಅನ್ವಯಗಳಲ್ಲಿ ಮಾತ್ರ ಬೇರೆ ನಡವಳಿಕೆ ಕಂಡು ತಲೆ ಕೆಡಬಹುದು.

ಮೂರನೆಯಹಂತ:

ಸಿದ್ಧ ಆಯ್ಕೆಗಳಲ್ಲಿ ಇಲ್ಲದ ಬದಲಾವಣೆ ಬೇಕಾದವರು ಇನ್ನೂ ಕೆಳಗಿನ ಪದರಕ್ಕೆ ಇಳಿಯಬಹುದು. ಕೀಡಿ ಎಂಬ ಸೇವೆ ಕರ್ನೆಲ್ಲಿನ ಮಟ್ಟದಲ್ಲೇ ಕೀಲಿಗಳನ್ನು ಮರುಹೊಂದಿಸುತ್ತದೆ, ಅದಕ್ಕೆ ವೇಲ್ಯಾಂಡ್, ಎಕ್ಸ್11 ಎಂಬ ಭೇದವಿಲ್ಲ. ಸಾಧನಗಳನ್ನು ನಿಭಾಯಿಸುವ ಯೂಡೆವ್‌ನ ಹಾರ್ಡ್‌ವೇರ್ ದತ್ತಕೋಶದಲ್ಲಿ ಸಾಲು ಬರೆಯುವುದು ಇನ್ನೊಂದು ದಾರಿ.

ಇಲ್ಲೊಂದು ಗೊಂದಲವಿದೆ. ಕರ್ನೆಲ್ಲಿನ ಲೆಕ್ಕದಲ್ಲಿ ಕ್ಯಾಪ್ಸ್ ಲಾಕ್ 58ನೆಯ ಕೀಲಿ, ಎಕ್ಸ್‌ನ ಲೆಕ್ಕದಲ್ಲಿ ಅದೇ ಕೀಲಿ 66. ಸ್ಪೇಸ್ ಅಲ್ಲಿ 57, ಇಲ್ಲಿ 65. ಎಕ್ಸ್‌ನ ಕೀಲಿಸಂಖ್ಯೆಗಳು 8ರಿಂದ ಆರಂಭವಾಗುವುದರಿಂದ ಎಲ್ಲ ಕಡೆಯೂ ಎಂಟರ ಅಂತರ ಬೀಳುತ್ತದೆ. ಎಕ್ಸ್‌ನ ಕೀಲಿಸಂಖ್ಯೆ ತೋರಿಸುವ ಎಕ್ಸ್‌ಇವಿ ಕಮಾಂಡ್ ಕೊಟ್ಟ ಸಂಖ್ಯೆಯನ್ನು ನೇರವಾಗಿ ಕರ್ನೆಲ್ ಮಟ್ಟದ ಕಡತದಲ್ಲಿ ಬರೆದರೆ ಬೇರೆ ಯಾವುದೋ ಕೀಲಿ ಬದಲಾಗುತ್ತದೆ.

ಕೀಲಿಯ ಸಂಕೇತ ಕರ್ನೆಲ್ಲಿಗೆ ತಲುಪುತ್ತಿದೆಯೇ ಎಂದು ನೋಡಲು ಲಿಬ್‌ಇನ್‌ಪುಟ್‌ನ ಡೀಬಗ್-ಇವೆಂಟ್ಸ್ ಕಮಾಂಡನ್ನು ಆಡಳಿತಾಧಿಕಾರದೊಂದಿಗೆ ಓಡಿಸಿ. ಸುರಕ್ಷತೆಯ ದೃಷ್ಟಿಯಿಂದ ಅದು ಯಾವ ಕೀಲಿ ಎಂಬುದನ್ನು ನಕ್ಷತ್ರ ಚಿಹ್ನೆಗಳಿಂದ ಮರೆಮಾಡುತ್ತದೆ, ಶೋ-ಕೀಕೋಡ್ಸ್ ಆಯ್ಕೆ ಕೊಟ್ಟರಷ್ಟೇ ಸಂಖ್ಯೆ ಕಾಣುತ್ತದೆ. ಇಲ್ಲಿ ಕಾಣಿಸದ ಕೀಲಿಯನ್ನು ಡೆಸ್ಕ್‌ಟಾಪಿನ ಸೆಟ್ಟಿಂಗಿನಿಂದ ಸರಿಪಡಿಸಲು ಹೋಗಬೇಡಿ. ಅನೇಕ ಲ್ಯಾಪ್‌ಟಾಪುಗಳ ಎಫ್‌ಎನ್ ಕೀಲಿ ಫರ್ಮ್‌ವೇರಿನಲ್ಲೇ ತೀರಿಹೋಗುತ್ತದೆ, ಕಾರ್ಯಾಚರಣ ವ್ಯವಸ್ಥೆಯವರೆಗೆ ಬರುವುದೇ ಇಲ್ಲ.

ನಡುಸಾಲು:

ಮಧ್ಯೆ ಬಂದು ಕೇಳುತ್ತಿರುವುದಕ್ಕೆ ಕ್ಷಮೆ ಇರಲಿ, ವಿಷಯ ಹತ್ತಿರದ್ದೇ. ಅಪ್‌ಗ್ರೇಡ್ ಆದ ಮೇಲೆ ನನ್ನ ಗಣಕದಲ್ಲಿ ಪ್ರತಿಯೊಂದು ಕೀಲಿಯನ್ನೂ ಒಂದಷ್ಟು ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಮೂಡುತ್ತದೆ. ವೇಗವಾಗಿ ಬರೆದರೆ ಏನೂ ಬರುವುದಿಲ್ಲ. ಡ್ರೈವರ್ ತೊಂದರೆಯೇ?

ಹಳೇಟರ್ಮಿನಲ್:

ಡ್ರೈವರ್ ಇರಲಾರದು, ನಿಧಾನ ಕೀಲಿಗಳ ಸೌಲಭ್ಯ ಚಾಲೂ ಆಗಿರುವ ಲಕ್ಷಣವಿದು. ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ ಅದು ಚಾಲೂ ಆಗುತ್ತದೆ, ಹಾಗೆಯೇ ಶಿಫ್ಟನ್ನು ಸತತವಾಗಿ 5 ಸಲ ಒತ್ತಿದರೆ ಅಂಟು ಕೀಲಿಗಳು. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಟೈಪಿಂಗ್ ಸಹಾಯದ ಕೆಳಗೆ ಎರಡನ್ನೂ ನಿಲ್ಲಿಸಬಹುದು. ಕೀಲಿಮಣೆಯ ಮೂಲಕ ಚಾಲೂ ಮಾಡುವ ಅನುಮತಿಯನ್ನೂ ಅಲ್ಲಿಯೇ ತೆಗೆದರೆ ಮತ್ತೆ ಆಕಸ್ಮಿಕವಾಗಿ ಆಗುವುದಿಲ್ಲ.

ನಡುಸಾಲು:

ಅದೇ ಆಗಿತ್ತು. ನಿಲ್ಲಿಸಿದೆ, ಸರಿಹೋಯಿತು. ಧನ್ಯವಾದಗಳು.

ಕರಡುಪ್ರತಿ:

ಕ್ಯಾಪ್ಸ್ ಲಾಕ್ ಸರಿಯಾಯಿತು. ಟಿಪ್ಪಣಿ ಅನ್ವಯ ಮಾತ್ರ ಹಟ ಹಿಡಿದಿದೆ. ಪಠ್ಯ ಸಂಪಾದಕ, ಕಚೇರಿ ತಂತ್ರಾಂಶ ಎಲ್ಲದರಲ್ಲೂ ಕನ್ನಡ ಬರುತ್ತದೆ, ಇದರಲ್ಲಿ ಮೆನು ‘ಕನ್ನಡ’ ಎಂದು ತೋರಿಸುತ್ತಿದ್ದರೂ ಬರುವುದು ಇಂಗ್ಲಿಷ್. ಇದು ಎಲೆಕ್ಟ್ರಾನ್ ಚೌಕಟ್ಟಿನ ಮೇಲೆ ಕಟ್ಟಿದ್ದೆಂದು ಅದರ ಪರಿಚಯ ಪುಟ ಹೇಳುತ್ತದೆ.

ಕೆಡಿಇಬಳಗ:

ಈ ಭಾಗದಲ್ಲಿ ನಾನು ಸಾಕಷ್ಟು ಹೆಣಗಿದ್ದೇನೆ, ಆದ್ದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಅದು ಯಾವ ದಾರಿಯಲ್ಲಿ ಓಡುತ್ತಿದೆ ಎಂದು ತಿಳಿಯಿರಿ. ಎಕ್ಸ್‌ಎಲ್‌ಎಸ್‌ಕ್ಲೈಂಟ್ಸ್ ಎಂಬ ಕಮಾಂಡ್ ಎಕ್ಸ್‌ವೇಲ್ಯಾಂಡ್ ಮೂಲಕ ಓಡುತ್ತಿರುವ ಅನ್ವಯಗಳ ಪಟ್ಟಿ ಕೊಡುತ್ತದೆ. ನಿಮ್ಮ ಅನ್ವಯದ ಹೆಸರು ಅದರಲ್ಲಿ ಇಲ್ಲದಿದ್ದರೆ ಅದು ನೇರವಾಗಿ ವೇಲ್ಯಾಂಡಿನಲ್ಲೇ ಓಡುತ್ತಿದೆ ಎಂದರ್ಥ.

ವೇಲ್ಯಾಂಡಿನಲ್ಲಿ ಅನ್ವಯಕ್ಕೂ ಇನ್‌ಪುಟ್ ಮೆಥಡ್‌ಗೂ ನಡುವಿನ ಮಾತುಕತೆ ಕಾಂಪೋಸಿಟರ್ ಮೂಲಕ, ಟೆಕ್ಸ್ಟ್-ಇನ್‌ಪುಟ್ ಎಂಬ ಪ್ರೋಟೊಕಾಲ್‌ನಲ್ಲಿ ನಡೆಯುತ್ತದೆ. ಈ ಪ್ರೋಟೊಕಾಲ್‌ಗೆ ಒಂದಕ್ಕೊಂದು ಹೊಂದದ ಹಲವು ಆವೃತ್ತಿಗಳಿವೆ ಎಂಬುದೇ ತೊಡಕು. ಗ್ನೋಮ್ ಬಹಳ ಕಾಲ ಬೆಂಬಲಿಸಿದ್ದು ಮೂರನೆಯ ಆವೃತ್ತಿಯನ್ನು ಮಾತ್ರ. ಎಲೆಕ್ಟ್ರಾನಿನ ಒಡಲಲ್ಲಿರುವ ಕ್ರೋಮಿಯಮ್ ಬ್ರೌಸರ್ ವರ್ಷಗಳ ಕಾಲ ಮೊದಲನೆಯ ಆವೃತ್ತಿಯನ್ನಷ್ಟೇ ಬಲ್ಲದಾಗಿತ್ತು, ಮೂರನೆಯದು ಬಂದದ್ದು ಬಹಳ ತಡವಾಗಿ. ನಾನು ಬಳಸುವ ಕೆಡಿಇ ಡೆಸ್ಕ್‌ಟಾಪಿನ ಕೆವಿನ್ ಕಾಂಪೋಸಿಟರ್ ಮೊದಲನೆಯದನ್ನೂ ಒಪ್ಪುವುದರಿಂದ ಒಂದೇ ಅನ್ವಯ ನನ್ನ ಗಣಕದಲ್ಲಿ ಕನ್ನಡ ಬರೆಯುತ್ತದೆ, ನಿಮ್ಮದರಲ್ಲಿ ಬರೆಯುವುದಿಲ್ಲ. ತಪ್ಪು ಇಬ್ಬರದೂ ಅಲ್ಲ, ಅಥವಾ ಇಬ್ಬರದೂ ಹೌದು.

ಅನ್ವಯ ಹೊಸತಾಗಿದ್ದರೆ ಅದನ್ನು ಆರಂಭಿಸುವ ಸಾಲಿಗೆ ಎನೇಬಲ್-ವೇಲ್ಯಾಂಡ್-ಐಎಂಇ ಎಂಬ ಆಯ್ಕೆಯನ್ನೂ, ವೇಲ್ಯಾಂಡ್-ಟೆಕ್ಸ್ಟ್-ಇನ್‌ಪುಟ್-ವರ್ಷನ್ 3 ಎಂಬುದನ್ನೂ ಸೇರಿಸಿ ನೋಡಿ. ಹಳೆಯದಾಗಿದ್ದರೆ ಓಝೋನ್-ಪ್ಲಾಟ್‌ಫಾರ್ಮ್ ಆಯ್ಕೆಗೆ ಎಕ್ಸ್11 ಎಂದು ಕೊಟ್ಟು ಎಕ್ಸ್‌ವೇಲ್ಯಾಂಡ್ ಕಡೆಗೆ ತಳ್ಳುವುದೇ ಲೇಸು, ಅಲ್ಲಿ ಐಬಸ್ ಹಳೆಯ ದಾರಿಯಿಂದ ಒದಗುತ್ತದೆ. ಅಕ್ಷರಗಳ ಅಂಚು ತುಸು ಮಸುಕಾಗಬಹುದು, ಬರವಣಿಗೆ ನಡೆಯುತ್ತದೆ.

ಇನ್ನು ಪರಿಸರ ಚರಗಳ ಬಗ್ಗೆ. ಜಿಟಿಕೆ, ಕ್ಯೂಟಿ ಎಂಬವು ಅನ್ವಯಗಳ ಕಿಟಕಿ, ಗುಂಡಿಗಳನ್ನು ಕಟ್ಟಲು ಬಳಸುವ ಸಲಕರಣೆಗಳು. ಜಿಟಿಕೆ_ಐಎಂ_ಮಾಡ್ಯೂಲ್, ಕ್ಯೂಟಿ_ಐಎಂ_ಮಾಡ್ಯೂಲ್, ಎಕ್ಸ್‌ಮಾಡಿಫೈಯರ್ಸ್ ಎಂಬ ಮೂರನ್ನೂ ಐಬಸ್‌ಗೆ ಹೊಂದಿಸಬೇಕೆಂಬ ಸಲಹೆ ಹಳೆಯ ಲೇಖನಗಳಲ್ಲೆಲ್ಲ ಇದೆ. ಎಕ್ಸ್11 ಕಾಲದಲ್ಲಿ ಅದು ಸರಿಯಾದ ಸಲಹೆಯೇ. ವೇಲ್ಯಾಂಡಿನಲ್ಲಿ ಓಡುವ ಜಿಟಿಕೆ ಅನ್ವಯಗಳಿಗೆ ಮೊದಲನೆಯದು ಬೇಕಿಲ್ಲ, ಅದನ್ನು ಹೊಂದಿಸಿದರೆ ಅವು ಕಾಂಪೋಸಿಟರನ್ನು ಬಿಟ್ಟು ಸುತ್ತುದಾರಿ ಹಿಡಿಯುತ್ತವೆ. ಕ್ಯೂಟಿ 5ಕ್ಕೆ ಟೆಕ್ಸ್ಟ್-ಇನ್‌ಪುಟ್‌ನ ಮೂರನೆಯ ಆವೃತ್ತಿ ತಿಳಿಯದು, ಹಾಗಾಗಿ ಗ್ನೋಮ್‌ನಲ್ಲಿ ಅಂತಹ ಅನ್ವಯಗಳಿಗೆ ಎರಡನೆಯದು ಬೇಕೇ ಬೇಕು. ಎಕ್ಸ್‌ವೇಲ್ಯಾಂಡ್ ಅನ್ವಯಗಳಿಗೆ ಮೂರನೆಯದು ಇರಲಿ. ಕೆಡಿಇ ಬಳಸುವವರು ಸಿಸ್ಟಮ್ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಐಬಸ್ ವೇಲ್ಯಾಂಡ್ ಅಥವಾ ಎಫ್‌ಸಿಟಿಎಕ್ಸ್ 5 ಆರಿಸಬೇಕು, ಪುಟದ ಹೆಸರು ನೋಡಿ ಇದು ತೆರೆಯ ಮೇಲಿನ ಕೀಲಿಮಣೆಗೆ ಸಂಬಂಧಿಸಿದ್ದೆಂದು ಬಹಳ ಜನ ದಾಟಿ ಹೋಗುತ್ತಾರೆ.

ಕೊನೆಯದಾಗಿ, ಅನ್ವಯದ ಪ್ಯಾಕೇಜ್ ರೂಪ ಬದಲಾಗಿದೆಯೇ ಎಂದೂ ನೋಡಿ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್, 24.04ರಲ್ಲಿ ಥಂಡರ್‌ಬರ್ಡ್ ಸ್ನ್ಯಾಪ್ ರೂಪಕ್ಕೆ ಬದಲಾದವು. ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಅನ್ವಯಗಳು ತಮ್ಮದೇ ಆವರಣದಲ್ಲಿ ಓಡುವುದರಿಂದ ಇನ್‌ಪುಟ್ ಮೆಥಡ್‌ನ ತುಣುಕುಗಳನ್ನು ತಮ್ಮ ಜೊತೆಗೇ ತಂದುಕೊಂಡಿರುತ್ತವೆ, ವ್ಯವಸ್ಥೆಯಲ್ಲಿ ಇರುವುದು ಅವಕ್ಕೆ ನೇರವಾಗಿ ದಕ್ಕುವುದಿಲ್ಲ.

ಕರಡುಪ್ರತಿ:

ಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲ. ಹೊಸ ಆಯ್ಕೆಗಳನ್ನು ಅದು ಒಪ್ಪಲಿಲ್ಲ, ಎಕ್ಸ್11 ಎಂದು ಕೊಟ್ಟೊಡನೆ ಕನ್ನಡ ಬಂತು. ಅಕ್ಷರಗಳು ನಿಜಕ್ಕೂ ತುಸು ಮಸುಕಾಗಿವೆ. ಸದ್ಯಕ್ಕೆ ಹೀಗೆಯೇ ನಡೆಸುತ್ತೇನೆ.

ಕಿಟಕಿಪಕ್ಕ:

ವಿಂಡೋಸ್ ಬಳಸುವವರ ಪ್ರಶ್ನೆಗೂ ಇಲ್ಲಿ ಅವಕಾಶವಿದೆಯೆಂದು ಭಾವಿಸುತ್ತೇನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ 11ಕ್ಕೆ ಬದಲಾದೆ. ಈಗ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದಾಗ ನಾನು ಸೇರಿಸದ ವಿನ್ಯಾಸವೊಂದು ಸಾಲಿನಲ್ಲಿ ಕಾಣುತ್ತದೆ. ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಅದು ಇಲ್ಲವಾದ್ದರಿಂದ ತೆಗೆಯುವುದು ಹೇಗೆಂದು ತಿಳಿಯದು.

ಹೊಸಗುಂಡಿ:

ಇದರಲ್ಲಿ ನನಗೆ ಅನುಭವವಿದೆ. ಅದೇ ವಿನ್ಯಾಸವನ್ನು ಭಾಷೆಯ ಆಯ್ಕೆಗಳಲ್ಲಿ ನೀವೇ ಸೇರಿಸಿ, ಆಮೇಲೆ ತೆಗೆಯಿರಿ. ಕಾಣದ ನಮೂದನ್ನು ತೆಗೆಯಲಾಗದು, ಕಾಣುವಂತೆ ಮಾಡಿಕೊಂಡರೆ ಗುಂಡಿ ಸಿಗುತ್ತದೆ. ಗಣಕ ಮರುಚಾಲನೆಯಾದಾಗ ಅದು ಮತ್ತೆ ಬಂದರೆ ಸ್ವಾಗತ ಪರದೆಗೆ ಬೇರೆ ವಿನ್ಯಾಸ ಉಳಿದಿರುವ ಸಾಧ್ಯತೆ ಇದೆ. ಭಾಷೆಯ ಆಡಳಿತಾತ್ಮಕ ಸೆಟ್ಟಿಂಗುಗಳಲ್ಲಿ ನಿಮ್ಮ ಸೆಟ್ಟಿಂಗುಗಳನ್ನು ಸ್ವಾಗತ ಪರದೆಗೂ ಹೊಸ ಖಾತೆಗಳಿಗೂ ನಕಲಿಸುವ ಆಯ್ಕೆ ಇದೆ, ಅದನ್ನು ಬಳಸಿ.

ತಿದ್ದಿದಕೋಷ್ಟಕ:

ನನ್ನದು ಬೇರೆ ಬಗೆಯ ನಷ್ಟ. ಯುಎಸ್ಆರ್ ಶೇರ್ ಒಳಗಿರುವ ಎಕ್ಸ್‌ಕೆಬಿಯ ಸಿಂಬಲ್ಸ್ ಫೋಲ್ಡರಿನಲ್ಲಿ ಭಾರತೀಯ ಭಾಷೆಗಳ ವಿನ್ಯಾಸಗಳಿರುವ ‘ಇನ್’ ಕಡತದಲ್ಲಿ ಕೆಲವು ಕೀಲಿಗಳನ್ನು ನನಗೆ ಬೇಕಾದಂತೆ ತಿದ್ದಿಕೊಂಡಿದ್ದೆ. ಪ್ರತಿ ಅಪ್‌ಗ್ರೇಡಿನಲ್ಲೂ ತಿದ್ದುಪಡಿ ಅಳಿಸಿಹೋಗುತ್ತದೆ. ಉಳಿಸಿಕೊಳ್ಳುವ ದಾರಿ ಇದೆಯೇ?

ಮೂರನೆಯಹಂತ:

ಆ ಫೋಲ್ಡರ್ ಪ್ಯಾಕೇಜಿನ ಸ್ವತ್ತು. ಅಲ್ಲಿನ ಕಡತಗಳನ್ನು ವ್ಯವಸ್ಥೆ ಸಂರಚನಾ ಕಡತಗಳೆಂದು ಪರಿಗಣಿಸುವುದಿಲ್ಲವಾದ್ದರಿಂದ ‘ನಿಮ್ಮದನ್ನು ಉಳಿಸಿಕೊಳ್ಳಲೇ’ ಎಂದು ಕೇಳದೆಯೇ ಹೊಸದನ್ನು ಹೇರುತ್ತದೆ. ವೇಲ್ಯಾಂಡ್ ಬಳಸುವವರಿಗೆ ಉತ್ತಮ ದಾರಿ ಇದೆ. ಅಲ್ಲಿ ಎಕ್ಸ್‌ಕೆಬಿ ವಿನ್ಯಾಸಗಳನ್ನು ಓದುವ ಲಿಬ್‌ಎಕ್ಸ್‌ಕೆಬಿಕಾಮನ್ 2020ರಲ್ಲಿ ಬಂದ 1.0 ಆವೃತ್ತಿಯಿಂದ ಮನೆ ಫೋಲ್ಡರಿನ ಕಾನ್ಫಿಗ್ ಡೈರೆಕ್ಟರಿಯಲ್ಲಿ ಎಕ್ಸ್‌ಕೆಬಿ ಎಂಬ ಫೋಲ್ಡರ್ ಇದ್ದರೆ ಅದನ್ನೂ ಹುಡುಕುತ್ತದೆ. ಅದರೊಳಗೆ ಸಿಂಬಲ್ಸ್ ಎಂಬ ಉಪಫೋಲ್ಡರ್ ಮಾಡಿ ನಿಮ್ಮ ವಿನ್ಯಾಸವನ್ನು ಹೊಸ ಹೆಸರಿನ ಕಡತದಲ್ಲಿ ಇಡಿ.  ಹೊಸ ಆಯ್ಕೆಗಳನ್ನು ಸೇರಿಸುವುದಾದರೆ ರೂಲ್ಸ್ ಉಪಫೋಲ್ಡರಿನಲ್ಲಿ ಇವಿಡೆವ್ ಎಂಬ ಕಡತ ಬೇಕು, ವ್ಯವಸ್ಥೆಯ ಮೂಲ ನಿಯಮಗಳನ್ನು ಒಳಸೇರಿಸುವ ಇನ್‌ಕ್ಲೂಡ್ ಸಾಲು ಅದರಲ್ಲಿ ತಪ್ಪದೆ ಇರಬೇಕು.

ಲಾಗ್‌ಔಟ್ ಆಗುವ ಮುನ್ನ ಎಕ್ಸ್‌ಕೆಬಿಸಿಎಲ್‌ಐ ಉಪಕರಣದ ಕಂಪೈಲ್-ಕೀಮ್ಯಾಪ್ ಕಮಾಂಡಿಗೆ ನಿಮ್ಮ ವಿನ್ಯಾಸದ ಹೆಸರು ಕೊಟ್ಟು ಓಡಿಸಿ, ಆವರಣ ಚಿಹ್ನೆಯೊಂದು ತಪ್ಪಿದ್ದರೂ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಎಕ್ಸ್ ಸರ್ವರ್ ಮನೆ ಫೋಲ್ಡರಿನ ಈ ಕಡತಗಳನ್ನು ಓದುವುದಿಲ್ಲ, ಎಕ್ಸ್11 ಸೆಷನ್ನಿಗೆ ಹಿಂದಿರುಗಿದರೆ ನಿಮ್ಮ ವಿನ್ಯಾಸ ಕಾಣುವುದಿಲ್ಲ.

ಕರಡುಪ್ರತಿ:

ಇನ್ನೊಂದು ಸಂದೇಹ ಉಳಿದಿದೆ. ನನ್ನ ಡಿಸ್ಕ್ ಪೂರ್ತಿ ಗೂಢಲಿಪೀಕರಣಗೊಂಡಿದೆ. ಅಪ್‌ಗ್ರೇಡಿನ ನಡುವೆ ಕೀಲಿಮಣೆಯ ವಿನ್ಯಾಸದ ಬಗ್ಗೆ ಒಂದು ಪ್ರಶ್ನೆ ಬಂದಾಗ ಎಂಟರ್ ಒತ್ತಿ ಮುಂದೆ ಹೋಗಿದ್ದೆ. ವ್ಯವಸ್ಥಾಮಟ್ಟದ ವಿನ್ಯಾಸ ತೋರಿಸುವ ಲೋಕಲ್‌ಸಿಟಿಎಲ್ ಸ್ಟೇಟಸ್ ಕಮಾಂಡ್ ಈಗ ಎಕ್ಸ್11 ವಿನ್ಯಾಸ ‘ಇನ್’ ಎಂದು ತೋರಿಸುತ್ತಿದೆ, ಮೊದಲು ಅದು ಯುಎಸ್ ಇತ್ತು. ಅಪ್‌ಗ್ರೇಡ್ ಮುಗಿದಾಗ ಆದ ಮರುಚಾಲನೆಯಲ್ಲಿ ಪಾಸ್‌ವರ್ಡ್ ಸ್ವೀಕಾರವಾಯಿತು. ಹಾಗಿದ್ದರೂ ಇದನ್ನು ಬದಲಾಯಿಸಬೇಕೇ?

ಹಳೇಟರ್ಮಿನಲ್:

ಬದಲಾಯಿಸಿ, ಇಂದೇ ಬದಲಾಯಿಸಿ. ಡಿಸ್ಕಿನ ಪಾಸ್‌ವರ್ಡ್ ಕೇಳುವ ಹೊತ್ತಿಗೆ ನಿಮ್ಮ ಖಾತೆಯೂ ಗ್ನೋಮ್‌ನ ಸೆಟ್ಟಿಂಗುಗಳೂ ಇನ್ನೂ ಬೀಗದ ಒಳಗೇ ಇರುತ್ತವೆ. ಅಲ್ಲಿ ಬಳಕೆಯಾಗುವುದು ಇನಿಟ್‌ರಾಮ್‌ಎಫ್‌ಎಸ್ (ಗಣಕ ಆರಂಭವಾಗುವಾಗ ಕರ್ನೆಲ್ ಮೊದಲು ತೆರೆಯುವ ಪುಟ್ಟ ಕಡತವ್ಯವಸ್ಥೆ) ಒಳಗೆ ಪ್ರತಿಯಾಗಿ ಇಟ್ಟ ಕನ್ಸೋಲ್ ವಿನ್ಯಾಸ, ಅದರ ಮೂಲ ಈಟಿಸಿ ಡೈರೆಕ್ಟರಿಯ ಡೀಫಾಲ್ಟ್ ಫೋಲ್ಡರಿನ ಕೀಬೋರ್ಡ್ ಕಡತ. ಕಡತ ಬದಲಾದ ಗಳಿಗೆಯಲ್ಲೇ ಒಳಗಿನ ಪ್ರತಿ ಬದಲಾಗುವುದಿಲ್ಲ, ಮುಂದೆ ಎಂದೋ ಹೊಸ ಕರ್ನೆಲ್ ಬಂದು ಇನಿಟ್‌ರಾಮ್‌ಎಫ್‌ಎಸ್ ಮರುನಿರ್ಮಾಣವಾದಾಗ ಬದಲಾಗುತ್ತದೆ. ಇಂದು ತೆರೆದ ಪಾಸ್‌ವರ್ಡ್ ಆಗ ತೆರೆಯದೆ ಹೋಗಬಹುದು. ಲಾಗಿನ್ ಪರದೆಯೂ ಇದೇ ವ್ಯವಸ್ಥಾಮಟ್ಟದ ವಿನ್ಯಾಸವನ್ನು ಅನುಸರಿಸುತ್ತದೆ.

ಡಿಪಿಕೆಜಿ-ರೀಕಾನ್ಫಿಗರ್ ಕಮಾಂಡಿಗೆ ಕೀಬೋರ್ಡ್-ಕಾನ್ಫಿಗರೇಷನ್ ಪ್ಯಾಕೇಜಿನ ಹೆಸರು ಕೊಟ್ಟು ವಿನ್ಯಾಸವನ್ನು ಯುಎಸ್ ಮಾಡಿ. ಕೀಬೋರ್ಡ್ ಕಡತವನ್ನು ತೆರೆದು ಎಕ್ಸ್‌ಕೆಬಿಲೇಔಟ್ ಸಾಲಿನಲ್ಲಿ ಯುಎಸ್ ಮಾತ್ರ ಇದೆಯೆಂದೂ, ವೇರಿಯಂಟ್ ಸಾಲು ಖಾಲಿ ಇದೆಯೆಂದೂ ಕಣ್ಣಾರೆ ನೋಡಿಕೊಳ್ಳಿ. ಆಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಕಮಾಂಡನ್ನು ಯು ಆಯ್ಕೆಯೊಂದಿಗೆ ಓಡಿಸಿ, ಹಳೆಯ ಕರ್ನೆಲ್ಲುಗಳೂ ಉಳಿದಿದ್ದರೆ ಎಲ್ಲಕ್ಕೂ ಅನ್ವಯವಾಗುವಂತೆ ಕೆ ಆಯ್ಕೆಯ ಜೊತೆ ಆಲ್ ಎಂದು ಸೇರಿಸಿ. ನಿಮ್ಮ ಕನ್ನಡ ವಿನ್ಯಾಸಕ್ಕೆ ಇದರಿಂದ ತೊಂದರೆಯಿಲ್ಲ, ಅದು ಬಳಕೆದಾರ ಸೆಟ್ಟಿಂಗಿನಲ್ಲಿದೆ.

ಕರಡುಪ್ರತಿ:

ಎರಡನ್ನೂ ಮಾಡಿ ಗಣಕವನ್ನು ಮರುಚಾಲನೆ ಮಾಡಿದೆ. ಡಿಸ್ಕಿನ ಪಾಸ್‌ವರ್ಡ್ ತೆಗೆದುಕೊಂಡಿತು, ಲಾಗಿನ್ ಪರದೆಯ ಮೂಲೆಯಲ್ಲಿ ಈಗ ಇಂಗ್ಲಿಷ್ ವಿನ್ಯಾಸ ಕಾಣುತ್ತದೆ, ಒಳಗೆ ಬಂದ ಮೇಲೆ ಸೂಪರ್ ಮತ್ತು ಸ್ಪೇಸ್ ಒತ್ತಿದರೆ ಕನ್ನಡ ಬರುತ್ತಿದೆ.